ಲಕ್ವ ಹೊಡೆದವರನ್ನು ಮನೆಗೆ ಕರೆತಂದ ಮೇಲೆ ಯಾರನ್ನು ಹಿಡಿಯಬೇಕು?

ಆಲೂರು ತಾಲೂಕಿನಿಂದ ಪ್ರಶ್ನೆ:

ಅಪ್ಪನಿಗೆ 71 ವರ್ಷ. ಹೋದ ತಿಂಗಳು ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದೆ. 12 ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾರೆ. ಡಾಕ್ಟರು ಫಿಸಿಯೋಥೆರಪಿ ಮಾಡಿಸಿ ಅಂತಾರೆ, ಊರಲ್ಲಿ ಮಾಡುವವರಿಲ್ಲ. ವೀಲ್‌ಚೇರ್, ಪೆನ್ಶನ್ ವಿಚಾರ ಕೇಳಿದರೆ ಒಬ್ಬೊಬ್ಬರು ಒಂದೊಂದು ಆಫೀಸು ತೋರಿಸುತ್ತಾರೆ. ನಾನಿರುವುದು ಬೆಂಗಳೂರಲ್ಲಿ, ಮನೆಯಲ್ಲಿ ಅಮ್ಮ ಒಬ್ಬರೇ. ಅನುಭವ ಇದ್ದವರು ದಯವಿಟ್ಟು ಹೇಳಿ.

ಬೇಲೂರಿನಿಂದ:

ನಮ್ಮ ಅತ್ತೆಗೂ ಇದೇ ಆಗಿತ್ತು. ಮೊದಲೇ ಹೇಳಿಬಿಡ್ತೀನಿ, ಆಸ್ಪತ್ರೆಯವರು ಬರೆದದ್ದು ತಾನಾಗಿ ನಾಡಕಚೇರಿಗೆ ಹೋಗಲ್ಲ. ಮಧ್ಯೆ ಕಾಗದ ಹೊತ್ತು ಓಡಾಡುವವರು ನಾವೇ. ನಮ್ಮನೆ ಫೈಲು ಅಂದರೆ ಬಟ್ಟೆ ಅಂಗಡಿಯ ಕವರು. ಡಿಸ್ಚಾರ್ಜ್ ಸಮರಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಹತ್ತು ಫೋಟೊ, ಎಲ್ಲದರದ್ದೂ ಜೆರಾಕ್ಸ್. ಆ ಕವರು ಬಾಗಿಲ ಹಿಂದಿನ ಮೊಳೆಯಿಂದ ಕೆಳಗಿಳಿದದ್ದೇ ಒಂದು ವರ್ಷದ ಮೇಲೆ.

ನಾವು ಮಾಡಿದ ತಪ್ಪು ಕೇಳಿ. ಮನೆಗೆ ಬಂದ ಹದಿನೈದೇ ದಿನಕ್ಕೆ ವಿಕಲಚೇತನರ ಸರ್ಟಿಫಿಕೇಟಿಗೆ ಓಡಿದೆವು. ಕಾರು ಮಾಡಿಸಿ, ಇಬ್ಬರು ಎತ್ತಿ ಕೂರಿಸಿ, ದಾರಿಯುದ್ದಕ್ಕೂ ಅತ್ತೆ ನರಳಾಟ. ಅಲ್ಲಿ ಹೋದರೆ 'ಆರು ತಿಂಗಳಾಗಲಿ, ಆಮೇಲೆ ಬನ್ನಿ' ಅಂದರು. ಲಕ್ವದಲ್ಲಿ ಕೈಕಾಲು ಎಷ್ಟು ವಾಪಸ್ ಬರುತ್ತೆ ಅಂತ ಶುರುವಿನಲ್ಲಿ ಹೇಳಕ್ಕಾಗಲ್ಲವಂತೆ. ಅದಕ್ಕೇ ಆರು ತಿಂಗಳ ನಂತರ ನೋಡಿ ಅಂಗವೈಕಲ್ಯ ಶೇಕಡಾ ಎಷ್ಟು ಅಂತ ಬರೆಯೋದು. ನಿಯಮವೇನೋ ಸರಿ. ಆದರೆ ವ್ಯಾಯಾಮ, ಕುರ್ಚಿ, ಒಂದು ಕೈಯಾಸರೆ ಜಾಸ್ತಿ ಬೇಕಾಗೋದು ಆ ಆರು ತಿಂಗಳಲ್ಲೇ ಅಲ್ವಾ? ನನಗೆ ಈಗಲೂ ಸಿಟ್ಟು ಬರೋದು ಇದಕ್ಕೇ.

ಹಾಗಾಗಿ ನೀವು ಮೊದಲು ಸಂಧ್ಯಾ ಸುರಕ್ಷಾ, ಅಂದರೆ ವಯಸ್ಸಾದವರ ಪೆನ್ಶನ್ನಿಗೆ ಹಾಕಿ. 65 ತುಂಬಿದ, ಆದಾಯ ಕಡಿಮೆ ಇರುವವರಿಗೆ ತಿಂಗಳಿಗೆ 1200 ರೂಪಾಯಿ. ಇದಕ್ಕೆ ಆ ಸರ್ಟಿಫಿಕೇಟು ಬೇಡ, ಅರ್ಜಿ ನಾಡಕಚೇರಿಯಲ್ಲೇ. ಮುಂದೆ ಅಂಗವಿಕಲ ಪೆನ್ಶನ್ ಬೇಕೆಂದರೆ ಇದನ್ನು ಬಿಡಬೇಕು, ಎರಡೂ ಕೊಡಲ್ಲ. ಹೆಬ್ಬೆಟ್ಟು ಒತ್ತುವ ಕಡೆ ಜೋಪಾನ. ಅತ್ತೆಯ ಬಲಮುಷ್ಟಿ ಬಿಗಿದುಕೊಂಡಿತ್ತು. ಬೆರಳು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟರೂ ಮೆಷಿನ್ ತಗೊಳ್ಳಲಿಲ್ಲ. ಕೊನೆಗೆ ಎಡಗೈ ಉಂಗುರದ ಬೆರಳು ಒಪ್ಪಿಕೊಂಡಿತು.

ಫಿಸಿಯೋಗೆ ನಾವು ಕಂಡುಕೊಂಡ ಉಪಾಯ: ಡಾಕ್ಟರಿಗೆ ತೋರಿಸಲು ಹೋದ ದಿನವೇ ಫಿಸಿಯೋ ವಿಭಾಗಕ್ಕೂ ಕರೆದುಕೊಂಡು ಹೋದೆವು. ಅವರು ಮಾಡಿಸುವುದನ್ನು, ಕೇಳಿಕೊಂಡು, ಮಗ ಮೊಬೈಲಲ್ಲಿ ವಿಡಿಯೋ ತೆಗೆದ. ಮನೆಯಲ್ಲಿ ದಿನಾ ಅದನ್ನೇ ನೋಡಿ ಮಾಡಿಸಿದೆವು. ಮಲಗಿದ ಕಡೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂದಿದ್ದರು. ಯಾವ ಮಗ್ಗುಲು ಅಂತ ಮರೆತುಹೋಗ್ತಿತ್ತು. ಗಡಿಯಾರದ ಕೆಳಗೆ ಚಾಕ್‌ಪೀಸಲ್ಲಿ 'ಎಡ', 'ಬಲ' ಬರೆದು ಒರೆಸ್ತಾ ಇದ್ವಿ.

ಮೂಡಿಗೆರೆ ಕಡೆಯಿಂದ:

ನಾನು ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಪೋಲಿಯೋ ಕಾಲಿನವನು. ಈ ಕೆಲಸಕ್ಕೆ ವಿಕಲಚೇತನರನ್ನೇ ತಗೊಳ್ಳೋದು. ನಿಮ್ಮ ಪಂಚಾಯ್ತಿಯಲ್ಲೂ ವಿಚಾರಿಸಿ. ಸಿಗದಿದ್ದರೆ ತಾಲೂಕು ಪಂಚಾಯ್ತಿಯಲ್ಲಿ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ.

ನಮ್ಮ ಕಷ್ಟ ಏನಂದರೆ, ಊರಿಗೆ ಇಂಥವರು ಬಂದಿದ್ದಾರೆ ಅಂತ ಆಸ್ಪತ್ರೆಯಿಂದ ನಮಗೆ ಯಾರೂ ಹೇಳಲ್ಲ. ಗೊತ್ತಾಗೋದು ಆಶಾ ಅಕ್ಕನಿಗೆ. ನಮ್ಮೂರ ಅಕ್ಕ ನನಗೆ ಫೋನ್ ಮಾಡುತ್ತಾರೆ, ಅಷ್ಟೇ ನಮ್ಮ ವ್ಯವಸ್ಥೆ! ಅವರು ಮಾತ್ರೆ, ಬಿಪಿ ನೋಡಿಕೊಂಡರೆ ನಾನು ಅರ್ಜಿ ನೋಡ್ತೀನಿ. ಹೋದ ಸಲ ಒಂದು ಮನೆಗೆ ಇಬ್ಬರೂ ಒಟ್ಟಿಗೆ ಹೋಗಿದ್ದೆವು. ಹೊಸ್ತಿಲು ಎತ್ತರ, ಬಚ್ಚಲು ಹಿತ್ತಲಲ್ಲಿ. ವೀಲ್‌ಚೇರ್ ಕೊಟ್ಟರೂ ಒಳಗೆ ತಿರುಗಲ್ಲ. ಅವರಿಗೆ ಬೇಕಾಗಿದ್ದು ಕಮೋಡ್ ಕುರ್ಚಿ. ಮನೆ ನೋಡದೆ ಅರ್ಜಿ ಬರೆದಿದ್ದರೆ ತಪ್ಪು ಸಾಮಾನು ಬರ್ತಿತ್ತು.

ಪಂಚಾಯ್ತಿ ತನ್ನ ಸ್ವಂತ ಆದಾಯದಲ್ಲಿ ಶೇ 5ರಷ್ಟು ವಿಕಲಚೇತನರಿಗೆ ಅಂತ ಇಡಬೇಕು. ಪಿಡಿಒಗೆ ಬರವಣಿಗೆಯಲ್ಲಿ ಕೇಳಿ, ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ. ಆರು ತಿಂಗಳಾದ ಮೇಲೆ ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ನಾವೇ ಹಾಕಿಕೊಡ್ತೀವಿ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸವಲತ್ತು.

ಸಕಲೇಶಪುರದಿಂದ:

ಎಲ್ಲರೂ ಅಪ್ಪನ ಬಗ್ಗೆಯೇ ಹೇಳಿದ್ದೀರಿ. ಅಮ್ಮನ ಬಿಪಿ ನೋಡಿ ಎಷ್ಟು ದಿನ ಆಯ್ತು? ನಮ್ಮಪ್ಪನನ್ನು ಎತ್ತಿ ಎತ್ತಿ ಅಮ್ಮನ ಸೊಂಟವೇ ಹೋಯಿತು. ಆಮೇಲೆ ಇಬ್ಬರು ರೋಗಿಗಳು. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ ಇಬ್ಬರ ಹೆಸರೂ ಬರೆಸಿ. ದೂರದಲ್ಲಿದ್ದು ಏನೂ ತೋಚದಿದ್ದರೆ 14567, ಹಿರಿಯರ ಸಹಾಯವಾಣಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಆಶಾ ಅಕ್ಕನಿಗೆ ಫೋನ್ ಮಾಡಿದೆ. ವಿಆರ್‌ಡಬ್ಲ್ಯೂ ನಮ್ಮ ಪಕ್ಕದ ಬೀದಿಯವರೇ ಅಂತೆ, ಅಮ್ಮನಿಗೆ ಪರಿಚಯ. 'ಅವನು ಆ ಕೆಲಸದಲ್ಲಿದ್ದಾನಾ?' ಅಂತ ಅಮ್ಮನಿಗೇ ಆಶ್ಚರ್ಯ. ಭಾನುವಾರ ನಾನು ಊರಿಗೆ ಹೋಗ್ತಿದ್ದೀನಿ, ಇಬ್ಬರೂ ಮನೆಗೆ ಬರ್ತೀವಿ ಅಂದಿದ್ದಾರೆ. ಬಚ್ಚಲ ಬಾಗಿಲ ಅಗಲ ಅಳೆದಿಡಿ ಅಂತಲೂ ಹೇಳಿದರು.