ಹಳಕಟ್ಟಿಯವರ ಕಾಲದ ಪೇಪರ್ ಎಲ್ಲಿ ಸಿಗುತ್ತದೆ?

ಜಳಕಿ ಟೀಚರ್:
ಜುಲೈ 2ಕ್ಕೆ, ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರ ಜಯಂತಿ. ಮಕ್ಕಳ ಕೈಲಿ ಗೋಡೆ ಪತ್ರಿಕೆ ಮಾಡಿಸುತ್ತಿದ್ದೇನೆ. ಪೇಪರ್‌ಗಳಲ್ಲಿ ಪ್ರತಿ ವರ್ಷ ಬರುವ ಲೇಖನ ಕತ್ತರಿಸಿ ಇಟ್ಟಿದ್ದೇನೆ. ಎಲ್ಲದರಲ್ಲೂ ಅದೇ ಮಾತು: ವಕೀಲರು, ವಚನ ಪಿತಾಮಹ, ಹರಿದ ಕೋಟು, ಮನೆ ಮಾರಿದರು. ಅವರು ಬದುಕಿದ್ದಾಗ ಜಿಲ್ಲೆಯ ಪೇಪರ್‌ಗಳು ಅವರ ಬಗ್ಗೆ ಏನು ಬರೆದಿದ್ದವು? ಎಲ್ಲಿ ಹುಡುಕಲಿ?

ಇಂಡಿ ಹುಡುಗ:
ಗೂಗಲ್ ಮಾಡಿ ಟೀಚರ್, ಎಲ್ಲಾ ಇದೆ.

ಹಳೇ ಮೊಳೆ:
ಗೂಗಲ್‌ನಲ್ಲೂ ಅದೇ ಹರಿದ ಕೋಟು ತಮ್ಮಾ.

ಅಕ್ಕೋರೇ, ಪೇಪರ್ ಅವರ ಬಗ್ಗೆ ಏನು ಬರೆಯಿತು ಅನ್ನೋದು ಆಮೇಲೆ. ಅವರದ್ದೇ ಪೇಪರ್ ಇತ್ತಲ್ಲ, ಅದನ್ನು ಮೊದಲು ಹಿಡಿಯಿರಿ. 1923ರಲ್ಲಿ ಅವರ ವಚನ ಸಂಕಲನ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಗಿದ್ದು ಬೆಳಗಾವಿಯಲ್ಲಿ. 1925ರಲ್ಲಿ ಇಲ್ಲೇ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ಕ್ಕೆ ಶಿವಾನುಭವ ಪತ್ರಿಕೆ, 1927ಕ್ಕೆ ನವಕರ್ನಾಟಕ ವಾರಪತ್ರಿಕೆ.

ನಾನು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸಿ ಹೊಟ್ಟೆ ಹೊರೆದವನು. ಆಗ ವಾರಕ್ಕೊಂದು ಪೇಪರ್ ಅಂದರೆ ಸುಮ್ನೆ ಅಲ್ಲ. ಒಂದೊಂದೇ ಅಕ್ಷರ ಹೆಕ್ಕಬೇಕು. ನಮ್ಮ ಕನ್ನಡಕ್ಕೆ ಒತ್ತಕ್ಷರದ ಖಾನೆ ಬೇರೆ. ಪುಟ ಕಟ್ಟಿ, ಪ್ರೂಫ್ ತೆಗೆದು, ತಿದ್ದಿ, ಅಚ್ಚು ಹಾಕಿದ ಮೇಲೂ ಮುಗಿಯುವುದಿಲ್ಲ. ಎಲ್ಲಾ ಮೊಳೆ ಬಿಚ್ಚಿ ತೊಳೆದು ಅದರದರ ಖಾನೆಗೆ ಹಾಕಬೇಕು. ಇಲ್ಲಾಂದ್ರೆ ಮುಂದಿನ ವಾರಕ್ಕೆ ಮೊಳೆಯೇ ಇಲ್ಲ! ಕಾಗದ, ಮಸಿ, ಆಳಿನ ಪಗಾರ, ಅಂಚೆ ಖರ್ಚು ಎಲ್ಲಾ ಕೈಯಿಂದ. ಮನೆ ಮಾರಿದ ಕಥೆಯನ್ನು ಒಂದೇ ಸಾಲಲ್ಲಿ ಮುಗಿಸುತ್ತಾರಲ್ಲ, ಮಕ್ಕಳಿಗೆ ಈ ಲೆಕ್ಕ ಹೇಳಿ.

ಬಿಎಲ್‌ಡಿಇ ಶಿಕ್ಷಣ ಸಂಸ್ಥೆಯವರ ಹಳಕಟ್ಟಿ ಸಂಶೋಧನ ಕೇಂದ್ರ ನಮ್ಮ ವಿಜಯಪುರದಲ್ಲೇ ಇದೆ, ಮೊದಲು ಅಲ್ಲಿ ಕೇಳಿ. 1910ರಲ್ಲಿ ಆ ಸಂಸ್ಥೆ ಕಟ್ಟಿದವರೂ ಅವರೇ.

ಇನ್ನೊಂದು ಮಾತು. ಈಗ ಪೇಪರ್‌ನಲ್ಲಿ ದೊಡ್ಡ ಫೋಟೊ ಬರುವುದು ಹುಟ್ಟುಹಬ್ಬದ ಜಾಹೀರಾತು ಕೊಟ್ಟವರದ್ದು. ಊರಿನ ಜನರನ್ನು ತಿಳಿಯಬೇಕಾದರೆ ನಿಧನ ವಾರ್ತೆ ಓದಿ. ಯಾವ ಹಳ್ಳಿ, ಯಾವ ಶಾಲೆಯ ಮಾಸ್ತರು, ಯಾವ ಭಜನಾ ಮೇಳ, ಎಲ್ಲಾ ಅಲ್ಲಿರುತ್ತದೆ. ಅದನ್ನು ಯಾರೂ ಕತ್ತರಿಸಿ ಇಡುವುದಿಲ್ಲ.

ಟಿಳಕವಾಡಿ:
ಲೈಬ್ರರಿಯಲ್ಲಿ ‘ಬಿಜಾಪುರ’ ಅಂತ ಕೇಳಿ. ವಿಜಯಪುರ ಆಗಿದ್ದು 2014ರ ನವೆಂಬರ್ 1ಕ್ಕೆ. ಬಾಗಲಕೋಟೆ ಬೇರೆ ಜಿಲ್ಲೆ ಆಗಿದ್ದೂ 1997ರಲ್ಲಿ. ಅಂದರೆ ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಬೀಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿ ಕೂಡ ಹಳೇ ಕಡತದಲ್ಲಿ ಬಿಜಾಪುರ ಜಿಲ್ಲೆಯವರೇ.

‘ಕರ್ನಾಟಕ ವೈಭವ’ ಬಿಡಬೇಡಿ. ಅದೂ ನಿಮ್ಮೂರಿನ ಪತ್ರಿಕೆ. ಅದರ ಸಂಪಾದಕರಾಗಿದ್ದ ಮೊಹರೆ ಹಣಮಂತರಾಯರು ಆಮೇಲೆ ಸಂಯುಕ್ತ ಕರ್ನಾಟಕಕ್ಕೆ ಸಂಪಾದಕರಾದರು. ಸಂಯುಕ್ತ ಕರ್ನಾಟಕ ಹುಟ್ಟಿದ್ದು ಮಾತ್ರ ನಮ್ಮ ಬೆಳಗಾವಿಯಲ್ಲಿ, ಹುಬ್ಬಳ್ಳಿಗೆ ಹೋಗಿದ್ದು ನಂತರ. ಹುಬ್ಬಳ್ಳಿಯವರು ಇದನ್ನು ಒಪ್ಪುವುದು ಕಷ್ಟ, ಇರಲಿ.

ಜಳಕಿ ಟೀಚರ್:
ಇಬ್ಬರಿಗೂ ಥ್ಯಾಂಕ್ಸ್. ಶನಿವಾರ ಮಧ್ಯಾಹ್ನ ಕೇಂದ್ರಕ್ಕೆ ಹೋಗುತ್ತೇನೆ. ಕಾಕಾ, ನಿಮ್ಮ ಹತ್ತಿರ ಮೊಳೆ ಉಳಿದಿದ್ದರೆ ಮಕ್ಕಳಿಗೆ ತೋರಿಸಲು ಕೊಡುತ್ತೀರಾ?

ಹಳೇ ಮೊಳೆ:
ಒಂದು ಡಬ್ಬಿ ಇದೆ, ಕೊಡುತ್ತೇನೆ. ಒತ್ತಕ್ಷರವೇ ಜಾಸ್ತಿ, ‘ಹಳಕಟ್ಟಿ’ ಅಂತ ಜೋಡಿಸಲು ಆಗಬಹುದು. ಸೀಸದ ಮೊಳೆ ಅಕ್ಕೋರೇ, ಮುಟ್ಟಿದ ಮೇಲೆ ಮಕ್ಕಳ ಕೈ ಸೋಪು ಹಾಕಿ ತೊಳೆಸಿ.