ಹಳೆ ಸ್ಟ್ರಾಟೊಕಾಸ್ಟರ್ ಗುಂಯ್ ಅನ್ನುತ್ತೆ, ಒಳಗೆ ಪೇಂಟ್ ಹೊಡೆಸಬೇಕಾ?

ಪ್ರಶ್ನೆ:
ನಮಸ್ಕಾರ ಸರ್. ನಮ್ಮ ಸೋದರಮಾವ ಅಮೆರಿಕದಿಂದ ವಾಪಸ್ ಬರುವಾಗ ತಮ್ಮ ಹಳೆ ಫೆಂಡರ್ ಸ್ಟ್ರಾಟೊಕಾಸ್ಟರ್ (ಎಲೆಕ್ಟ್ರಿಕ್ ಗಿಟಾರ್) ಮತ್ತು ಅಲ್ಲಿಯದೇ ಒಂದು ಟ್ಯೂಬ್ ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ವಾಲ್ವ್ ಆಂಪ್ಲಿಫಯರ್) ತಂದು ನನಗೆ ಕೊಟ್ಟರು. ಆಂಪ್ 120 ವೋಲ್ಟಿನದು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸುತ್ತಿದ್ದೇನೆ. ಮನೆ ಬಸವನಗುಡಿಯಲ್ಲಿ, ಹಳೇ ವೈರಿಂಗ್. ಕೇಬಲ್ ಚುಚ್ಚಿದ ಕೂಡಲೇ ಗುಂಯ್ ಅಂತ ಶುರುವಾಗುತ್ತೆ, ಜೊತೆಗೆ ಚರ್ರ್ ಅನ್ನುವ ಇನ್ನೊಂದು ಸದ್ದು. ತಂತಿ ಮುಟ್ಟಿದರೆ ಸ್ವಲ್ಪ ಕಡಿಮೆ, ಕೈ ತೆಗೆದರೆ ಜಾಸ್ತಿ. ಪಿಕ್‌ಗಾರ್ಡ್ (ಗಿಟಾರಿನ ಮುಂಭಾಗದ ಪ್ಲಾಸ್ಟಿಕ್ ಹಾಳೆ) ಬಿಚ್ಚಿ ನೋಡಿದೆ, ಪಾಟ್‌ನ (ನಾಬ್ ಕೆಳಗಿನ ವಾಲ್ಯೂಮ್ ಕಂಟ್ರೋಲ್) ಬೆನ್ನ ಮೇಲೆ 1377316 ಅಂತ ಇದೆ. ಒಬ್ಬರು ಒಳಗೆಲ್ಲ ಕಂಡಕ್ಟಿವ್ (ಕರೆಂಟ್ ಹರಿಸುವ) ಪೇಂಟ್ ಹೊಡೆಸಿ ಅಂದರು, ಇನ್ನೊಬ್ಬರು ತಂತಿಯ ನಾದ ಹಿಡಿಯುವ ಪಿಕಪ್ಪೇ ಬದಲಾಯಿಸಿ ಅಂದರು. ಏನು ಮಾಡಲಿ?

ಉತ್ತರ:
ಸದ್ಯಕ್ಕೆ ಎರಡೂ ಬೇಡ. ಪಿಕ್‌ಗಾರ್ಡ್ ವಾಪಸ್ ಹಾಕಿ, ಯಾರ ಕೈಗೂ ಕೊಡಬೇಡಿ.

ಆ ನಂಬರ್ ಏನು ಹೇಳುತ್ತೆ ನೋಡಿ. 137 ಅಂದರೆ ಪಾಟ್ ಮಾಡಿದ್ದು ಸಿಟಿಎಸ್ ಕಂಪನಿ, 73 ಅಂದರೆ 1973, 16 ಅಂದರೆ ಆ ವರ್ಷದ ಹದಿನಾರನೇ ವಾರ. ಪಾಟ್ ಯಾರೂ ಬದಲಾಯಿಸಿಲ್ಲ ಅಂತಾದರೆ ಗಿಟಾರ್ ಅದಕ್ಕಿಂತ ಹಿಂದಿನದಲ್ಲ, ಬಹುಶಃ ಅದೇ ಹೊತ್ತಿನದು. ಅಂಥ ಗಿಟಾರಿನಲ್ಲಿ ಯಾರೂ ಮುಟ್ಟದ ಮೂಲ ಸೋಲ್ಡರ್‌ಗೂ ಬೆಲೆ ಇದೆ. ಕೊಳ್ಳುವವರು ಪಿಕ್‌ಗಾರ್ಡ್ ತಿರುಗಿಸಿ ಮೊದಲು ನೋಡುವುದೇ ಅದನ್ನ. ಒಮ್ಮೆ ಪೇಂಟ್ ಹೊಡೆದರೆ ಮರದಿಂದ ಅದನ್ನ ಪೂರ್ತಿ ತೆಗೆಯೋಕೆ ಆಗಲ್ಲ.

ನಿಮಗೆ ಕೇಳಿಸುತ್ತಿರುವುದು ಎರಡು ಬೇರೆ ಬೇರೆ ಕಾಯಿಲೆ. ಇದನ್ನ ಬಿಡಿಸಿಕೊಳ್ಳದೆ ದುಡ್ಡು ಖರ್ಚು ಮಾಡುವವರೇ ಜಾಸ್ತಿ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ದಪ್ಪ ದನಿಯ ಗುಂಯ್ ಇದೆಯಲ್ಲ, ಅದು ಕಾಂತಕ್ಷೇತ್ರದಿಂದ ಬರುವುದು. ಸ್ಟ್ರಾಟಿನ ಒಂದೊಂದು ಪಿಕಪ್ಪೂ ಕಾಂತದ ಸುತ್ತ ಕೂದಲಿನಷ್ಟು ತೆಳು ತಂತಿಯನ್ನ ಸಾವಿರಾರು ಸುತ್ತು ಸುತ್ತಿದ ಒಂದೇ ಕಾಯಿಲ್. ಹತ್ತಿರ ಟ್ರಾನ್ಸ್‌ಫಾರ್ಮರ್, ಮೋಟರ್ ಏನೇ ಇರಲಿ, ಅದರ 50 ಹರ್ಟ್ಸ್ ಕ್ಷೇತ್ರವನ್ನ ಆ ಕಾಯಿಲ್ ತಂತಿಯ ನಾದದ ಜೊತೆಗೇ ಹಿಡಿದುಕೊಂಡು ಆಂಪ್‌ಗೆ ಕಳಿಸುತ್ತೆ. ಇದನ್ನ ತಾಮ್ರದ ಹಾಳೆಯಾಗಲಿ ಪೇಂಟ್ ಆಗಲಿ ತಡೆಯಲ್ಲ. ಚರ್ರ್ ಅನ್ನುವ ತೆಳು ಸದ್ದು ಬೇರೆ, ಅದು ವಿದ್ಯುತ್ ಕ್ಷೇತ್ರದಿಂದ. ಗೋಡೆಯೊಳಗಿನ ವೈರು, ಅಗ್ಗದ ಎಲ್‌ಇಡಿ ಬಲ್ಬು, ಕೆಲವು ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರು, ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಕೊಡುವ ಯುಪಿಎಸ್, ಎಲ್ಲ ಸೇರಿ ಎಬ್ಬಿಸುವ ಗಲಾಟೆ. ನಿಮ್ಮ ಮೈಯೇ ಅದನ್ನ ಆಂಟೆನಾ ಥರ ಹಿಡಿದು ಗಿಟಾರ್ ಹತ್ತಿರ ತರುತ್ತೆ. ತಂತಿ ಮುಟ್ಟಿದಾಗ ಬ್ರಿಡ್ಜ್ (ತಂತಿಗಳು ಕೂರುವ ಲೋಹದ ಭಾಗ) ಮೂಲಕ ಮೈ ಗ್ರೌಂಡ್ ಆಗುತ್ತೆ, ಅದಕ್ಕೇ ಸದ್ದು ತಗ್ಗುತ್ತೆ. ಅಂದರೆ ನಿಮ್ಮ ಗಿಟಾರಿನ ಬ್ರಿಡ್ಜ್ ಗ್ರೌಂಡ್ ವೈರ್ ಸರಿಯಾಗಿದೆ. ಒಳ್ಳೆ ಸುದ್ದಿ ಅದು.

ಈಗ ಇಷ್ಟು ಮಾಡಿ ನೋಡಿ. ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿ. ಆಗಲೂ ಸದ್ದು ಹಾಗೇ ಇದ್ದರೆ ತಪ್ಪು ಗಿಟಾರಿನದಲ್ಲ, ಕೇಬಲ್, ಆಂಪ್ ಅಥವಾ ಮನೆಯ ಅರ್ಥಿಂಗ್ ನೋಡಬೇಕು. ನಿಂತುಹೋದರೆ ಪಿಕಪ್ ಹೊರಗಿನಿಂದ ಹಿಡಿಯುತ್ತಿದೆ ಅಂತ. ಆಮೇಲೆ ವಾಲ್ಯೂಮ್ ಪೂರ್ತಿ ಇಟ್ಟು, ತಂತಿಯ ಮೇಲೆ ಕೈ ಇಟ್ಟುಕೊಂಡು, ಕೂತ ಕಡೆಯೇ ನಿಧಾನವಾಗಿ ಸುತ್ತ ತಿರುಗಿ. ಒಂದು ದಿಕ್ಕಿಗೆ ಬಂದಾಗ ಗುಂಯ್ ಹೆಚ್ಚುಕಮ್ಮಿ ಸತ್ತೇ ಹೋಗುತ್ತೆ, ಅಲ್ಲಿಂದ ಕಾಲು ಸುತ್ತು ತಿರುಗಿದರೆ ಮತ್ತೆ ಏಳುತ್ತೆ. ಹಾಗಾದರೆ ಅದು ಕಾಂತಕ್ಷೇತ್ರದ್ದೇ, ಮೂಲ ರೂಮಿನಲ್ಲೇ ಇದೆ. ನನಗೆ ಅನುಮಾನ ನಿಮ್ಮ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೇಲೆ. ಅದು ಎಲ್ಲಿದೆ?

ಪ್ರಶ್ನೆ ಕೇಳಿದವರು:
ಕುರ್ಚಿ ಪಕ್ಕದಲ್ಲೇ ಇದೆ ಸರ್, ನೆಲದ ಮೇಲೆ. ವಾಲ್ಯೂಮ್ ಸೊನ್ನೆ ಮಾಡಿದರೆ ಸದ್ದು ಬಹುತೇಕ ಹೋಗುತ್ತೆ. ತಿರುಗಿದರೆ ನೀವು ಹೇಳಿದ ಹಾಗೇ ಏರಿಳಿಯುತ್ತೆ. ಟ್ರಾನ್ಸ್‌ಫಾರ್ಮರ್‌ನ ಔಟ್‌ಪುಟ್ ಎರಡು ಪಿನ್ನಿನದು, ಆಂಪ್ ಪ್ಲಗ್‌ಗೆ ಮೂರು ಪಿನ್ ಇರೋದರಿಂದ ಅಡಾಪ್ಟರ್ ಹಾಕಿದ್ದೇನೆ.

ಉತ್ತರ:
ಎರಡನೇ ವಾಕ್ಯಕ್ಕಿಂತ ಕೊನೆಯದು ನನಗೆ ಹೆಚ್ಚು ಚಿಂತೆ ತಂದಿತು. ಆ ಅಡಾಪ್ಟರಿನಲ್ಲಿ ಆಂಪ್‌ನ ಅರ್ಥ್ ಅಲ್ಲೇ ಕಡಿದುಹೋಗಿದೆ. ಗಿಟಾರಿನ ತಂತಿ ಆಂಪ್‌ನ ಚಾಸಿಗೆ (ಲೋಹದ ಚೌಕಟ್ಟಿಗೆ) ಸೇರಿರುತ್ತೆ, ಆಂಪ್ ಒಳಗೆ ಏನಾದರೂ ಶಾರ್ಟ್ ಆದರೆ ಕರೆಂಟಿಗೆ ಇರುವ ದಾರಿ ನಿಮ್ಮ ಕೈ. ಇವತ್ತೇ ನಿಲ್ಲಿಸಿ. ಮೂರು ಪಿನ್ನಿನ, ಅರ್ಥ್ ಒಳಗಿಂದ ಹೊರಗೆ ಹಾದುಹೋಗುವ ಟ್ರಾನ್ಸ್‌ಫಾರ್ಮರ್ ತನ್ನಿ, ಆಂಪ್‌ಗೆ ಬೇಕಾದ ವ್ಯಾಟಿಗಿಂತ ಸಾಕಷ್ಟು ದೊಡ್ಡದು. 60 ಹರ್ಟ್ಸ್‌ಗೆ ಮಾಡಿದ ಆಂಪ್ ನಮ್ಮ 50 ಹರ್ಟ್ಸ್‌ನಲ್ಲಿ ಸ್ವಲ್ಪ ಜಾಸ್ತಿ ಬಿಸಿಯಾಗುತ್ತೆ, ಅದನ್ನೂ ಗಮನಿಸುತ್ತಿರಿ. ಟ್ರಾನ್ಸ್‌ಫಾರ್ಮರ್ ಗೋಡೆ ಕಡೆ ಇರಲಿ, ನೀವು ಅದರಿಂದ ಏಳೆಂಟು ಅಡಿ ದೂರ ಕೂತ್ಕೊಳ್ಳಿ. ಈ ಕ್ಷೇತ್ರ ದೂರ ಹೋದ ಹಾಗೆ ಬಹಳ ಬೇಗ ಕುಗ್ಗುತ್ತೆ.

ಇನ್ನು ಪ್ಲಗ್ ಪಾಯಿಂಟ್. ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ, ನೀವೇ ಕೈ ಹಾಕಬೇಡಿ. ಫೇಸ್‌ನಿಂದ ನ್ಯೂಟ್ರಲ್‌ಗೆ 230 ವೋಲ್ಟ್ ಆಸುಪಾಸು, ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ಮೂರು ವೋಲ್ಟಿನ ಒಳಗೆ ಇರಬೇಕು. ಲೋಡ್ ಹಾಕಿದಾಗಲೂ ಸೊನ್ನೆಯೇ ಅಂತ ತೋರಿಸಿದರೆ ಖುಷಿಪಡಬೇಡಿ. ಹಳೆ ಮನೆಗಳಲ್ಲಿ ಸಾಕೆಟ್ ಒಳಗೇ ನ್ಯೂಟ್ರಲ್‌ಗೂ ಅರ್ಥ್ ಪಿನ್ನಿಗೂ ತುಂಡು ವೈರ್ ಜೋಡಿಸಿಬಿಟ್ಟಿರುತ್ತಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ಆಂಪ್‌ನ ಚಾಸಿಗೆ ಪೂರ್ತಿ ಕರೆಂಟ್ ಬರುತ್ತೆ. ಸರಿಯಾದ ಅರ್ಥಿಂಗ್ ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿಯುವ ಸ್ವಿಚ್) ಹಾಕಿಸಿ.

ಇನ್ನೊಬ್ಬರು:
ಸರ್, ನಮ್ಮದು ಆರ್ಕೆಸ್ಟ್ರಾ. ಗಣೇಶ ಹಬ್ಬದ ಪೆಂಡಾಲಿನಲ್ಲಿ ಜನರೇಟರ್ ಮೇಲೆ ನುಡಿಸುವಾಗ ಹಮ್ (ಅದೇ ಗುಂಯ್ ಸದ್ದು) ತಡೆಯೋಕೆ ಆಗಲ್ಲ ಅಂತ ನಮ್ಮ ಹುಡುಗರು ಆಂಪ್ ಪ್ಲಗ್‌ನ ಅರ್ಥ್ ಪಿನ್ ತೆಗೆದುಬಿಡುತ್ತಾರೆ. ಸದ್ದು ನಿಜವಾಗಲೂ ನಿಲ್ಲುತ್ತೆ. ತಪ್ಪಾ?

ಉತ್ತರ:
ದೊಡ್ಡ ತಪ್ಪು, ದಯವಿಟ್ಟು ಇವತ್ತಿಂದಲೇ ಬಿಡಿಸಿ. ಸದ್ದು ನಿಲ್ಲುವುದು ಯಾಕೆ ಅಂದರೆ ಆಂಪ್ ಒಂದು ಕಡೆ, ಮಿಕ್ಸರ್ ಇನ್ನೊಂದು ಕಡೆ ಅರ್ಥ್ ಆಗಿ ನಡುವೆ ಒಂದು ಲೂಪ್ ಆಗಿರುತ್ತೆ, ಪಿನ್ ಕಿತ್ತಾಗ ಲೂಪ್ ಕಡಿಯುತ್ತೆ. ಆದರೆ ಅದರ ಜೊತೆಗೆ ಜೀವ ಕಾಯುವ ದಾರಿಯೂ ಕಡಿಯುತ್ತೆ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದಿ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ ವೇದಿಕೆ ಮೇಲೇ ಶಾಕ್ ಹೊಡೆದು ತೀರಿಕೊಂಡರು, ಅರ್ಥ್ ಸರಿ ಇಲ್ಲದ ಮೈಕ್ ಮುಟ್ಟಿದ್ದಕ್ಕೆ. ನಿಮ್ಮದನ್ನೇ ನೆನೆಸಿಕೊಳ್ಳಿ, ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ, ಕೆಳಗೆ ಮಳೆಗೆ ಒದ್ದೆಯಾದ ಹಲಗೆ. ನಮ್ಮ ಪೆಂಡಾಲ್‌ಗಳಲ್ಲಿ ಇದೇ ಸ್ಥಿತಿ ಅಲ್ವಾ?

ಲೂಪ್ ಕಡಿಯಬೇಕಾದರೆ ಸಿಗ್ನಲ್ ಕಡೆ ಕಡಿಯಿರಿ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಸಿಗ್ನಲ್ಲನ್ನ ಮಿಕ್ಸರ್‌ಗೆ ಕಳಿಸುವ ಪೆಟ್ಟಿಗೆ) ತಗೊಂಡು ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ, ಸಿಗ್ನಲ್ ಕೇಬಲಿನ ಗ್ರೌಂಡ್ ಮಾತ್ರ ಕಡಿಯುತ್ತೆ. ಆಂಪ್, ಪೆಡಲ್, ಮಿಕ್ಸರ್ ಎಲ್ಲ ಒಂದೇ ಪಾಯಿಂಟಿನಿಂದ ಕರೆಂಟ್ ತೆಗೆದುಕೊಳ್ಳಲಿ. ಜನರೇಟರ್‌ನವರಿಗೆ ಅರ್ಥ್ ರಾಡ್ ಹೊಡೆಸಿ ಅಂತ ಪಟ್ಟು ಹಿಡಿಯಿರಿ.

ಮತ್ತೊಬ್ಬರು:
ನನ್ನ ಹೊಸ ಸ್ಟ್ರಾಟಿನಲ್ಲಿ ಪಿಕಪ್ ಆರಿಸುವ ಸ್ವಿಚ್ 2 ಮತ್ತು 4ರಲ್ಲಿ (ಎರಡು ಪಿಕಪ್ ಜೊತೆಯಾಗುವ ಜಾಗ) ಇಟ್ಟರೆ ಹಮ್ ಮಾಯ. ಅವರ ಹಳೆಯದರಲ್ಲಿ ಆಗಲ್ವಾ?

ಉತ್ತರ:
ಆಗಲ್ಲ. ನಿಮ್ಮದರಲ್ಲಿ ನಡುವಿನ ಪಿಕಪ್‌ನ ತಂತಿ ಸುತ್ತಿದ ದಿಕ್ಕೂ ಕಾಂತದ ದಿಕ್ಕೂ ಎರಡೂ ಉಲ್ಟಾ. ಎರಡು ಪಿಕಪ್ ಜೊತೆಯಾದಾಗ ಹಮ್ ಒಂದನ್ನೊಂದು ಹೊಡೆದುಹಾಕುತ್ತೆ, ತಂತಿಯ ನಾದ ಮಾತ್ರ ಕೂಡುತ್ತೆ. ಗಿಬ್ಸನ್ ಗಿಟಾರ್ ಕಂಪನಿಯಲ್ಲಿದ್ದ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರ್ ಕೂಡ ಇದೇ ಲೆಕ್ಕ, ಎರಡು ಕಾಯಿಲ್ ಒಂದೇ ಪಿಕಪ್‌ನಲ್ಲಿ. 1973ರ ಸ್ಟ್ರಾಟಿನಲ್ಲಿ ಮೂರೂ ಒಂದೇ ಥರ, ಸ್ವಿಚ್ಚೂ ಮೂರೇ ಜಾಗದ್ದು. ಕಾರ್ಖಾನೆಯಿಂದಲೇ ಐದು ಜಾಗದ ಸ್ವಿಚ್ ಬಂದದ್ದು 1977ರಲ್ಲಿ.

ಪ್ರಶ್ನೆ ಕೇಳಿದವರು:
ಹೊಸ ಟ್ರಾನ್ಸ್‌ಫಾರ್ಮರ್ ತಂದು ದೂರ ಇಟ್ಟೆ, ಅರ್ಥಿಂಗೂ ಮಾಡಿಸಿದೆ. ಗುಂಯ್ ತುಂಬಾ ಕಡಿಮೆಯಾಯಿತು. ಚರ್ರ್ ಸ್ವಲ್ಪ ಉಳಿದಿದೆ. ನಾಬ್ ತಿರುಗಿಸಿದರೆ ಕರಕರ ಅನ್ನುತ್ತೆ. ಮೂಲ ಹಾಳಾಗದ ಹಾಗೆ ಇನ್ನೇನಾದರೂ ಮಾಡಬಹುದಾ?

ಉತ್ತರ:
ಮಾಡಬಹುದು. ಕರಕರ ಅನ್ನುವುದು ಪಾಟ್ ಒಳಗಿನ ಧೂಳು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮ್ಮು ಸಾಕು, ಹೊಡೆದು ನಾಬ್ ಈ ತುದಿಯಿಂದ ಆ ತುದಿಗೆ ಚೆನ್ನಾಗಿ ತಿರುಗಿಸಿ. ಬಾಗಿಲ ಕೀಲಿಗೆ ಹಾಕುವ ಡಬ್ಲ್ಯೂಡಿ-40 ಬೇಡ.

ಚರ್ರ್‌ಗೆ ಶೀಲ್ಡಿಂಗ್ (ಸದ್ದು ತಡೆಯುವ ಲೋಹದ ಹೊದಿಕೆ) ಬೇಕು, ಆದರೆ ತೆಗೆಯಬಹುದಾದ ಶೀಲ್ಡಿಂಗ್. ದಪ್ಪ ಕಾರ್ಡ್‌ಶೀಟನ್ನ ಪಿಕ್‌ಗಾರ್ಡ್ ಕೆಳಗೆ ಮರದಲ್ಲಿ ಕೊರೆದ ಗುಳಿಯ ಆಕಾರಕ್ಕೆ ಕತ್ತರಿಸಿ, ಅದರ ಒಳಮುಖಕ್ಕೆ ತಾಮ್ರದ ಟೇಪ್ ಅಂಟಿಸಿ, ಮರಕ್ಕೆ ಅಂಟಿಸದೆ ಸುಮ್ನೆ ಒಳಗೆ ಕೂರಿಸಿ. ಟೇಪಿನ ಅಂಟೂ ಕರೆಂಟ್ ಹರಿಸುವಂಥದ್ದೇ ಇರಬೇಕು, ಇಲ್ಲದಿದ್ದರೆ ಜೋಡುಗಳಿಗೆ ಒಂದೊಂದು ಚುಕ್ಕಿ ಸೋಲ್ಡರ್ ಹಾಕಿ. ಮಲ್ಟಿಮೀಟರ್‌ನಲ್ಲಿ ಯಾವ ಮೂಲೆಯಿಂದ ಯಾವ ಮೂಲೆಗೆ ಹಿಡಿದರೂ ಒಂದೆರಡು ಓಮ್ ದಾಟಬಾರದು. ಅದರಿಂದ ಒಂದು ತೆಳು ವೈರ್ ಪಾಟ್‌ನ ಬೆನ್ನಿಗೆ ಹೋಗಬೇಕು, ಅದನ್ನೂ ಸೋಲ್ಡರ್ ಮಾಡದೆ ಪಾಟ್‌ನ ನಟ್ ಕೆಳಗೆ ವಾಷರ್ ಜೊತೆ ಸಿಕ್ಕಿಸಬಹುದು. ಬರಿ ವೈರ್ ತುದಿಗಳು, ಜ್ಯಾಕ್, ಸ್ವಿಚ್ಚಿನ ಕಾಲುಗಳು ತಾಮ್ರಕ್ಕೆ ತಗುಲದ ಹಾಗೆ ಅಲ್ಲಲ್ಲಿ ಇನ್ಸುಲೇಷನ್ ಟೇಪ್ ಹಾಕಿ, ತಗುಲಿದರೆ ಗಿಟಾರ್ ಪೂರ್ತಿ ಮೂಕವಾಗುತ್ತೆ.

ರೆಕಾರ್ಡಿಂಗ್‌ಗೆ ಇನ್ನೂ ನಿಶ್ಶಬ್ದ ಬೇಕು ಅಂದರೆ ಪಿಕಪ್, ಪಾಟ್, ಸ್ವಿಚ್ ಎಲ್ಲ ಕೂರಿಸಿಯೇ ಬರುವ ಹನ್ನೊಂದು ಸ್ಕ್ರೂಗಳ ಬೇರೆ ಪಿಕ್‌ಗಾರ್ಡ್ ಸಿಗುತ್ತೆ, ನಾಯ್ಸ್‌ಲೆಸ್ (ಹಮ್ ಹಿಡಿಯದ) ಪಿಕಪ್ ಇರುವುದನ್ನ ತಗೊಳ್ಳಿ. ತೂತಿನ ಜಾಗ ಹೊಂದುತ್ತಾ ಅಂತ ಮೊದಲೇ ಇಟ್ಟು ನೋಡಿ, ಹೊಸ ತೂತು ಮಾತ್ರ ಕೊರೆಯಬೇಡಿ. ಬಿಚ್ಚಬೇಕಾದದ್ದು ಜ್ಯಾಕಿನ ಎರಡು ವೈರ್, ಗಿಟಾರಿನ ಹಿಂಬದಿಯ ಸ್ಪ್ರಿಂಗ್ ಕಡೆಯಿಂದ ಬರುವ ಗ್ರೌಂಡ್ ವೈರ್ ಅಷ್ಟೇ. ಬಿಚ್ಚುವ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ. ಹಳೆ ಪಿಕ್‌ಗಾರ್ಡನ್ನ ಅದರ ಸ್ಕ್ರೂಗಳ ಸಮೇತ ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗಿಟಾರ್ ಕೇಸಿನಲ್ಲೇ ಇಡಿ.