ಏಡೆಡ್ ಹೈಸ್ಕೂಲ್ ಬಿಟ್ಟು ಬಿ.ಎಡ್ ಕಾಲೇಜಿಗೆ ಇಂಗ್ಲಿಷ್ ಮೆಥಡ್ (ಇಂಗ್ಲಿಷ್ ಕಲಿಸೋ ವಿಧಾನ) ಹೇಳೋಕೆ ಹೋಗ್ಬಹುದಾ?

ತುಮಕೂರು ಟೀಚರ್:
ನಮಸ್ಕಾರ ಎಲ್ರಿಗೂ. ನಾನು ಏಡೆಡ್ ಹೈಸ್ಕೂಲಲ್ಲಿ ಇಂಗ್ಲಿಷ್ ಟೀಚರ್, ಎಂ.ಎ ಬಿ.ಎಡ್ ಆಗಿದೆ. ಎಂಟನೇ ಕ್ಲಾಸಿಗೆ ಬರೋ ಕೆಲವು ಮಕ್ಕಳು ಇಂಗ್ಲಿಷ್ ಹಾಗಿರ್ಲಿ ಕನ್ನಡದ ಪ್ಯಾರಾನೇ ತಡವರಿಸ್ಕೊಂಡು ಓದ್ತಾರೆ, ನಮ್ ಬಿ.ಎಡ್‌ನಲ್ಲಿ ಪ್ರೋಸ್ ಪಾಠ ಪೊಯಟ್ರಿ ಪಾಠ ಗ್ರಾಮರ್ ಪಾಠ ಎಲ್ಲಾ ಇತ್ತು, ಓದೋಕೆ ಕಲಿಸೋದು ಹೆಂಗೆ ಅಂತ ಮಾತ್ರ ಯಾರೂ ಹೇಳ್ಲಿಲ್ಲ. ಅದಕ್ಕೇ ಎಂ.ಎಡ್ ಮಾಡಿ ಮುಂದಿನ ಟೀಚರ್‌ಗಳನ್ನ ತಯಾರು ಮಾಡೋ ಕಡೆ ಹೋಗೋಣ ಅನ್ನಿಸ್ತಿದೆ. ಡಯಟ್ಟಾ (ಜಿಲ್ಲೆಯ ಸರ್ಕಾರಿ ಟೀಚರ್ ತರಬೇತಿ ಸಂಸ್ಥೆ), ಪ್ರೈವೇಟ್ ಕಾಲೇಜಾ? ಅನುಭವ ಇರೋರು ಹೇಳಿ ಪ್ಲೀಸ್.

ಹಳೇ ಡಯಟ್ ಮೇಷ್ಟ್ರು:
ಮೇಡಂ, ಎಂ.ಎಡ್ ಸರ್ಟಿಫಿಕೇಟ್ ತೋರಿಸಿ ಡಯಟ್‌ಗೆ ಸೇರೋಕಾಗಲ್ಲ, ಅವು ಇಲಾಖೆಯ ಕೆಇಎಸ್ (ಕರ್ನಾಟಕ ಶಿಕ್ಷಣ ಸೇವೆ) ಹುದ್ದೆಗಳು, ಇವತ್ತು ಕ್ಲಾಸು ನಾಳೆ ಆಫೀಸು. 1986ರ ಶಿಕ್ಷಣ ನೀತಿ ಆದ್ಮೇಲೆ ಜಿಲ್ಲೆಗೊಂದು ಅಂತ ಮಾಡಿದ್ದು ಟೀಚರ್ ತಯಾರಿಗೇ, ಆದ್ರೆ ನಮ್ ಟೈಮೆಲ್ಲ ಮೀಟಿಂಗು ವರದಿಗೇ ಹೋಗ್ತಿತ್ತು.

ಓದಿಸೋ ವಿಷ್ಯಕ್ಕೆ ಬಂದ್ರೆ, 1995ರಲ್ಲಿ ಎಚ್.ಡಿ. ಕೋಟೆ ಕಡೆ ನಲಿ-ಕಲಿ (ಸರ್ಕಾರಿ ಶಾಲೆ ಚಿಕ್ಕ ಕ್ಲಾಸಿನ ಮಕ್ಕಳಿಗೆ ನಲಿತಾ ಕಲಿಸೋ ಪದ್ಧತಿ) ಶುರುವಾದಾಗ ಅದನ್ನ ಕಟ್ಟಿದೋರಲ್ಲಿ ಪ್ರೈಮರಿ ಮೇಷ್ಟ್ರುಗಳೇ ಮುಂದೆ ಇದ್ರು. ನಲಿ-ಕಲಿಲಿ ಅ ಆ ಇ ಈ ಬಿಟ್ಟು ರ ಗ ಸ ದ ಅ ಇಂದ ಶುರು, ಆ ಐದು ಅಕ್ಷರ ಬಂದ್ರೆ ಸಾಕು ಮಗು ಅರಸ, ಗರಗಸ ಅಂತ ಓದೇ ಬಿಡತ್ತೆ. ಇಂಗ್ಲಿಷ್‌ಗೆ ಆ ತಲೆ ಯಾಕೆ ಓಡಿಸಲ್ಲ ಅನ್ನೋದೇ ನನ್ನ ತಕರಾರು. 2007-08ರಲ್ಲಿ ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿಂದ ಇಂಗ್ಲಿಷ್ ಬಂತು, ನಮ್ ಡಿ.ಎಡ್ (ಪ್ರೈಮರಿ ಟೀಚರ್ ಕೋರ್ಸು, ಈಗ ಡಿ.ಎಲ್.ಎಡ್ ಅಂತಾರೆ) ಹುಡುಗ್ರು ಮಾತ್ರ ಸಿ ಎ ಟಿ ಕ್ಯಾಟ್ ಅಂತ ರಾಗ ಹಾಕಿಸೋದ್ರಲ್ಲೇ ಇದ್ರು. ಸಿ, ಎ, ಟಿ ಅಂತ ಹೆಸರು ಜೋಡಿಸಿದ್ರೆ ಸಿಎಟಿ ಆಗತ್ತೆ, ಕ್ಯಾಟ್ ಎಲ್ಲಿಂದ ಬರ್ಬೇಕು? ಕನ್ನಡದಲ್ಲಿ ಅಕ್ಷರದ ಹೆಸರೂ ಶಬ್ದನೂ ಒಂದೇ ನೋಡಿ, ಅದಕ್ಕೇ ಕನ್ನಡ ಮೀಡಿಯಂನಲ್ಲಿ ಓದಿ ಟೀಚರ್ ಆಗೋರಿಗೆ ಈ ತೊಡಕು ಕಣ್ಣಿಗೇ ಬೀಳಲ್ಲ. ಅದನ್ನ ತೋರಿಸೋರು ಬೇಕು.

ಧಾರವಾಡ ಲೆಕ್ಚರರ್:
ಸರ್ ಹೇಳಿದ್ದು ಖರೇ ಅದ. ನಾನು ಪ್ರೈವೇಟ್ ಬಿ.ಎಡ್ ಕಾಲೇಜಿನ್ಯಾಗ ಅದೀನಿ. ಇಲ್ಲೆ ಲೆಕ್ಚರರ್ ಆಗಾಕ ಎಂ.ಎ, ಎಂ.ಎಡ್ ಎರಡ್ರಾಗೂ ಶೇ. 55 ಬೇಕ್ರಿ, ಎಂ.ಎಡ್ ಈಗ ಎರಡು ವರ್ಷ. ಪಗಾರದ ಮಾತು ಕೇಳಬ್ಯಾಡ್ರಿ, ಏಡೆಡ್ ನೌಕರಿ ಅಂತೂ ಬಿಡಬ್ಯಾಡ್ರಿ. 2015ರಿಂದ ಬಿ.ಎಡ್‌ನೂ ಎರಡು ವರ್ಷ ಆಗಿ 20 ವಾರದ ಇಂಟರ್ನ್‌ಶಿಪ್ ಬಂತು, ಕಾಗದದ ಮ್ಯಾಲೆ ಭಾಳ ಚಲೋ, ಆದ್ರ ಶಾಲ್ಯಾಗ ನಮ್ ಹುಡುಗ್ರನ್ನ ಯಾರು ರಜಾ ಹಾಕ್ಯಾರೋ ಆ ಕ್ಲಾಸಿಗೆ ಕೂಡಿಸಿ ಕೈ ತೊಳಕೊಳ್ತಾರ. ನಾ ಒಂದು ಮಾಡಸ್ತೀನಿ. ಪಾಠಯೋಜನಾ ಬರಿಯೂಕಿಂತ ಮೊದಲ ಪ್ರತಿಯೊಬ್ರೂ ಒಂದು ಮಗು ಬಾಜೂಕ ಕುಂತು ಓದಿಸಿ, ಎಲ್ಲಿ ನಿಂತ್ತು, ಏನು ಊಹೆ ಮಾಡ್ತು ಅಂತ ಬರಕೊಂಡು ಬರಬೇಕು. ಹೌಸ್ ಇದ್ದಲ್ಲೆ ಹಾರ್ಸ್ ಅಂತ ಓದಿದ್ರ ಮಗು ನಡುವಿನ ಅಕ್ಷರ ಸರಿಯಾಗಿ ನೋಡಿಲ್ಲ ಅಂತ ಗೊತ್ತಾಗ್ತದ. ಇದಕ್ಕ ಮಾರ್ಕ್ಸ್ ಇಲ್ಲ, ಆದ್ರೂ ಮಾಡ್ತಾರ, ಪಾಪ.

ನಲಿಕಲಿ ಮಿಸ್:
ಸರ್ ಬೇಜಾರಾಗ್ಬೇಡಿ, ಬರೀ ಶಬ್ದ ಶಬ್ದ ಅಂದ್ರೂ ಕಷ್ಟ. ನನ್ನ ಒಂದನೇ ಕ್ಲಾಸಿನ ಮಕ್ಕಳು ಕ್-ಆ್ಯ-ಟ್ ಕೂಡಿಸಿ ಓದಿ ನನ್ ಮುಖ ನೋಡ್ತಾರೆ, ಅದು ಬೆಕ್ಕು ಅಂತಾನೇ ಗೊತ್ತಿಲ್ಲ! ಮೊದ್ಲು ಕಥೆ, ರೈಮ್ಸು, ಮಾತು ಕಿವಿಗೆ ಬೀಳ್ಬೇಕು. ಟ್ರೈನಿಂಗ್ ಕೊಡೋರೇ ಇಂಗ್ಲಿಷ್‌ನಲ್ಲಿ ಕಥೆ ಹೇಳೋಕೆ ಹಿಂಜರಿದ್ರೆ ನಾವೇನ್ ಮಾಡೋಣ?

ಮೇಡಂ, ಇನ್ನೊಂದು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಿ.ಎಡ್ ಆದೋರು ಒಂದರಿಂದ ಐದನೇ ಕ್ಲಾಸಿಗೆ ಆಗಲ್ಲ ಅಂತ ಹೇಳಿದೆಯಲ್ಲ, ಅಂದ್ರೆ ಓದು ಶುರು ಮಾಡಿಸೋದು ಡಿ.ಎಲ್.ಎಡ್ ಆದೋರು. ನಿಮಗೆ ಬೇಕಿರೋದು ಅದೇ ಆದ್ರೆ ಬಿ.ಎಡ್ ಕಾಲೇಜಿಗೆ ಯಾಕೆ ಹೋಗ್ತೀರ?

ತುಮಕೂರು ಟೀಚರ್:
ಅಯ್ಯೋ ಇದು ನನ್ ತಲೆಗೇ ಹೊಳೆದಿರ್ಲಿಲ್ಲ ಮಿಸ್. ಆದ್ರೂ ಎಂಟನೇ ಕ್ಲಾಸಲ್ಲೂ ಓದಿಸೋದು ಕಲಿಸ್ಬೇಕಲ್ಲ, ಅದು ಬಿ.ಎಡ್‌ನೋರ ಕೆಲಸಾನೇ ತಾನೆ. ಸದ್ಯ ಕೆಲಸ ಬಿಡಲ್ಲ. ಬೆಂಗಳೂರು ಜ್ಞಾನಭಾರತಿಯ ರೀಜನಲ್ ಇನ್ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನಲ್ಲಿ 30 ದಿನದ ಟ್ರೈನಿಂಗ್ ಇರತ್ತಲ್ಲ, ಏಡೆಡ್‌ನೋರಿಗೂ ಡೆಪ್ಯುಟೇಶನ್ ಕೊಡ್ತಾರಾ?

ಹಳೇ ಡಯಟ್ ಮೇಷ್ಟ್ರು:
ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ವಿಚಾರಿಸಿ ಮೇಡಂ, ಹೆಡ್‌ಮಾಸ್ಟರ್ ಹತ್ರ ಲೆಟರ್ ಬರೆಸ್ಕೊಂಡೇ ಹೋಗಿ, ಬಾಯಲ್ಲಿ ಕೇಳಿದ್ರೆ ನಾಳೆ ಬನ್ನಿ ಅಂತಾರೆ. ಮಿಸ್, ನಿಮ್ಮ ಬೆಕ್ಕಿನ ಮಾತು ಒಪ್ದೆ, ಆದ್ರೆ ಶಬ್ದ ಬಿಡಲ್ಲ ನಾನು.